ಅಳಿಯ ಇಟ್ಟ ಹೆಸರು

ಹದಿನೈದು ವರ್ಷದಿಂದ ಜಾವಾ ಪ್ರೋಗ್ರಾಮು ಬರೆಯುತ್ತಿದ್ದೇನೆ. ಕಂಪ್ಯೂಟರಿನಿಂದ ನನ್ನ ಮಾನ ಹೋದದ್ದು ಕಡಿಮೆ, ಮನುಷ್ಯರಿಂದ ಮಾತ್ರ ವಾರಕ್ಕೊಮ್ಮೆ ಹೋಗುತ್ತಲೇ ಇರುತ್ತದೆ. ಈ ಸಲ ಗೆದ್ದವನು ನಾನು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

೧. ಸೌಟು ಎಲ್ಲಿಗೂ ಹೋಗಿಲ್ಲ

ಪಡೀಲಿನ ಸಾಹುಕಾರರದು ಮದುವೆಗೆ ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಯಾವ ಸಾಮಾನು ಎಷ್ಟು ಹೋಯಿತು, ಎಷ್ಟು ವಾಪಸ್ ಬಂತು ಎಂಬುದು ಅವರ ಹಳೆಯ ಸಾಫ್ಟ್‌ವೇರಿನಿಂದ, ಒಂದೊಂದು ಸಂಖ್ಯೆಗೂ ಹೆಸರು ಕಟ್ಟಿದ ಎಕ್ಸ್‌ಎಂಎಲ್ ಫೈಲಾಗಿ ಬರುತ್ತದೆ. ಅದನ್ನು ನಮ್ಮ ಹೊಸ ಪ್ರೋಗ್ರಾಮಿಗೆ ತುಂಬಿಸಿ ತೋರಿಸಬೇಕು, ಆಗದಿದ್ದರೆ ಕೆಲಸ ಬೇರೆ ಕಂಪನಿಗೆ. ಮಣ್ಣಗುಡ್ಡದ ನಮ್ಮ ಆಫೀಸಿನಲ್ಲಿ "ಅರ್ಧ ಗಂಟೆ ಸಾಕು" ಎಂದು ಬಾಸ್ ಎದುರು ಎದೆ ತಟ್ಟಿಕೊಂಡವನು ನಾನೇ.

ಅರ್ಧ ಗಂಟೆಯಲ್ಲಿ ಓಡಿಸಿದೆ. ಒಂದೂ ಎರರ್ ಇಲ್ಲ! ಸಾಹುಕಾರರನ್ನು ಕರೆಸಿದೆ. ಸಾಮಾನಿನ ಹೆಸರೆಲ್ಲ ಬಂದಿತ್ತು, ಪಕ್ಕದ ಎರಡು ಕಾಲಮಿನಲ್ಲಿ ಮಾತ್ರ ಉದ್ದಕ್ಕೂ ಸೊನ್ನೆ.

"ಎಂತ ಮಾರಾಯ್ರೇ, ನಿನ್ನೆ ಮೂರು ಮದುವೆಗೆ ಸಾಮಾನು ಹೋಗಿದೆ. ಇಲ್ಲಿ ಒಂದು ಸೌಟು ಸಹ ಹೊರಗೆ ಹೋಗಲಿಲ್ಲವಾ?"

"ಎಲ್ಲ ಭದ್ರವಾಗಿ ಉಂಟು ಅಂತ ಅರ್ಥ ಸಾಹುಕಾರ್ರೇ."

"ಹಾಗಾದ್ರೆ ಆ ಮೂರು ಮದುವೆಯವರು ಎಂತದ್ರಲ್ಲಿ ಬಡಿಸಿದ್ದು?"

೨. ಮುಟ್ಟಬಾರದವು

ಕಾರಣ ಸಿಕ್ಕಿತು. ಆ ಎರಡು ಸಂಖ್ಯೆಗಳಿಗೆ ಫೈಲಿನಲ್ಲಿ 'ಹೋದದ್ದು', 'ಬಂದದ್ದು' ಎಂದು ಹೆಸರು. ನಮ್ಮಲ್ಲಿ 'ಇಶ್ಯೂಡ್', 'ರಿಟರ್ನ್ಡ್'. ಹೆಸರು ತಾಳೆಯಾಗದಿದ್ದರೆ ಜಾವಾ ಜಗಳವಾಡುವುದಿಲ್ಲ, ಸುಮ್ಮನೆ ಸೊನ್ನೆ ಇಟ್ಟು ಮುಂದೆ ಹೋಗುತ್ತದೆ. ಈ ಮಳ್ಳತನ ಕಂಡರೆ ನನಗೆ ಮೈ ಉರಿಯುತ್ತದೆ.

ಸಾಹುಕಾರರಿಗೆ ನಮ್ಮ ಹೆಸರುಗಳ ಪಟ್ಟಿ ಕಳಿಸಿಕೊಟ್ಟು, ಫೈಲಿನಲ್ಲಿ ಹೀಗೆ ಬದಲಿಸಿ ಎಂದೆ. ಅವರು ಬೆಚ್ಚಿಬಿದ್ದರು.

"ಅದು ಅಳಿಯ ಇಟ್ಟ ಹೆಸರು! ಗಲ್ಫಿಗೆ ಹೋಗುವ ಮೊದಲು ಅವರೇ ಕೂತು ಮಾಡಿದ ಸಾಫ್ಟ್‌ವೇರ್. ಒಂದಕ್ಷರ ಮುಟ್ಟಿದ್ರೆ ಮಗಳ ಫೋನ್ ಬರ್ತದೆ, ಆಮೇಲೆ ಮನೆಯಲ್ಲಿ ನನಗೆ ಊಟ ಇಲ್ಲ."

ಬಾಸ್ ಹತ್ತಿರ ಹೋದೆ. "ಇಶ್ಯೂಡ್ ನಾನು ಇಟ್ಟ ಹೆಸರು, ಹತ್ತು ಸ್ಕ್ರೀನಿನಲ್ಲಿ ಉಂಟು. ಮುಟ್ಟಿ ನೋಡು!" ಎಂದರು. ಇವರ ಊಟದ ವಿಷಯ ನಾನು ಕೇಳಲಿಲ್ಲ.

೩. ಗೆಲುವು

ಎರಡನ್ನೂ ಮುಟ್ಟದೆ, ಪ್ರೋಗ್ರಾಮಿನೊಳಗೆ ನಮ್ಮ ಎರಡು ಹೆಸರುಗಳ ತಲೆಯ ಮೇಲೆ ಒಂದೊಂದು ಚೀಟಿ ಅಂಟಿಸಿದೆ: 'ಫೈಲಿನಲ್ಲಿ ಇದಕ್ಕೆ ಹೋದದ್ದು ಎನ್ನುತ್ತಾರೆ', 'ಇದಕ್ಕೆ ಬಂದದ್ದು ಎನ್ನುತ್ತಾರೆ'. ಜಾವಾದವರು ಇದನ್ನು ಅನೊಟೇಶನ್ ಎನ್ನುತ್ತಾರೆ. ಓಡಿಸಿದರೆ ಮೂರು ಮದುವೆಯ ಸೌಟೂ ಲೆಕ್ಕಕ್ಕೆ ಬಂತು. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಡೆಮೊ ದಿನ ಬಾಸ್, ಸಾಹುಕಾರರು, ವಿಡಿಯೋ ಕರೆಯಲ್ಲಿ ಅಳಿಯ. ಅಂದಿನ ಹೊಸ ಫೈಲ್ ಹಾಕಿದೆ. ಉದ್ದಕ್ಕೂ ಸೊನ್ನೆ!

ಅಳಿಯ ನಾಚಿಕೊಂಡು ಹೇಳಿದರು: "ಸರ್, ನಿಮಗೆ ಕಷ್ಟ ಆಗಬಾರದು ಅಂತ, ಮಾವನಿಗೆ ನೀವು ಕಳಿಸಿದ ಪಟ್ಟಿ ನೋಡಿ ಇವತ್ತು ಬೆಳಿಗ್ಗೆ ಇಲ್ಲಿಂದಲೇ ಬದಲಿಸಿದ್ದೇನೆ. ಈಗ ನಮ್ಮದೂ ಇಶ್ಯೂಡ್, ರಿಟರ್ನ್ಡ್."

ನನ್ನ ಚೀಟಿ ಮಾತ್ರ ಇನ್ನೂ 'ಹೋದದ್ದು' ಎಲ್ಲಿ ಎಂದು ಹುಡುಕುತ್ತಿತ್ತು. ಎರಡೂ ಚೀಟಿಯಲ್ಲಿ ಬರೆದಿದ್ದ ಹೆಸರು ಅಳಿಸಿ ಮತ್ತೆ ಓಡಿಸಿದೆ. ಸಂಖ್ಯೆಗಳೆಲ್ಲ ಸಾಲಾಗಿ ಬಂದು ಕೂತವು.

ಬಾಸ್ ಕಿವಿಯಲ್ಲಿ ಕೇಳಿದರು, "ಇಷ್ಟು ಬೇಗ ಎಂತ ಬರೆದದ್ದು ಮಾರಾಯ?"

"ಬರೆದದ್ದಲ್ಲ ಸರ್, ಅಳಿಸಿದ್ದು."

ಕೆಲಸ ನಮಗೇ ಸಿಕ್ಕಿತು. ನಾನು ಕಾಲರ್ ಏರಿಸುವಷ್ಟರಲ್ಲಿ ಸಾಹುಕಾರರು ಎದ್ದು ನಿಂತು, ಎಲ್ಲರ ಕೈ ಕುಲುಕಿ ಘೋಷಿಸಿದರು:

"ನೋಡಿದ್ರಾ? ನಾನು ಮೊದಲೇ ಹೇಳಲಿಲ್ಲವಾ, ಅಳಿಯ ಇಟ್ಟ ಹೆಸರು ಮುಟ್ಟದಿದ್ರೆ ಎಲ್ಲ ಸರಿಯಾಗ್ತದೆ ಅಂತ!"