ಪಲ್ಲವಿ ದಾಟದ ಮೈದುನ

ದಾವಣಗೆರೆಯಲ್ಲಿ ನನ್ನ ಮೈದುನನಷ್ಟು ಹಾಡಿನ ಪ್ಲೇಟು ಕೊಂಡವರು ಇನ್ನೊಬ್ಬರಿರಲಿಕ್ಕಿಲ್ಲ. ಅವನಷ್ಟು ಕಡಿಮೆ ಹಾಡು ಕೇಳಿದವರೂ ಇನ್ನೊಬ್ಬರಿರಲಿಕ್ಕಿಲ್ಲ! ಹೊಟ್ಟೆಯುರಿಯಿಂದ ಹೇಳುವ ಮಾತಲ್ಲ ಇದು. ಅವನು ಹೈಸ್ಕೂಲಿನಲ್ಲಿದ್ದಾಗ ಆ ಮನೆಗೆ ಸೊಸೆಯಾಗಿ ಹೋದವಳು ನಾನು. ಅವನ ಅಂಗಿಗೆ ಗುಂಡಿ ಹಚ್ಚಿಕೊಟ್ಟವಳಿಗೆ ಅವನ ಸಂಗೀತಜ್ಞಾನದ ಬಗ್ಗೆ ನಾಲ್ಕು ಮಾತಾಡುವ ಹಕ್ಕಿಲ್ಲವೇ?

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹರಿಹರದ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸವಾಗಿತ್ತು. ಅವನ ಓರಗೆಯ ಹುಡುಗರು ಸ್ಕೂಟರಿಗೆ ಹೆಸರು ಬರೆಸಿ ಕಾಯುತ್ತಿದ್ದರೆ, ಇವನು ಮನೆಯಲ್ಲಿ ಒಂದು ‘ಸೆಟ್ಟು’ ಕಟ್ಟಲು ಕೂತ. ಒಂದು ರೆಕಾರ್ಡ್ ಪ್ಲೇಯರು, ತಾನೇ ಬೆಸುಗೆ ಹಾಕಿದ ಆಂಪ್ಲಿಫೈಯರು, ಬಡಿಗೇರನ ಬೆನ್ನು ಬಿದ್ದು ಮಾಡಿಸಿದ ಎರಡು ಸ್ಪೀಕರ್ ಪೆಟ್ಟಿಗೆ. ಅವನ್ನು ಪೆಟ್ಟಿಗೆ ಎನ್ನುವುದು ಸಂಕೋಚದ ಮಾತು. ಸಾರಥಿ ಎಂಬ ಹಳ್ಳಿಯ ನಮ್ಮ ಹೊಲದಿಂದ ಬರುತ್ತಿದ್ದ ವರ್ಷದ ಜೋಳವನ್ನೆಲ್ಲ ಒಂದರಲ್ಲೇ ಸುರಿಯಬಹುದಿತ್ತು. ಸುರಿದಿದ್ದರೆ ಉಪಯೋಗವಾದರೂ ಆಗುತ್ತಿತ್ತು!

ಸೆಟ್ಟು ಬಂತು ಎಂದರೆ ಹಾಡು ಬಂತು ಎಂದು ತಿಳಿದ ನಮ್ಮ ದಡ್ಡತನವನ್ನು ಏನೆಂದು ಹೇಳಲಿ? ಮೊದಲು ಹೋದದ್ದು ನನ್ನ ಸ್ಟೀಲಿನ ಪಾತ್ರೆಗಳು. ದಪ್ಪ ಸದ್ದು ಬಂದಾಗ ಪಡಸಾಲೆಯ ಗೂಡಿನಲ್ಲಿದ್ದ ತಟ್ಟೆಗಳು ಝುಂಯ್ ಎನ್ನುತ್ತವಂತೆ. ಅವು ಹಿತ್ತಲ ಕೋಣೆಗೆ ಗಡಿಪಾರಾದವು. ಆಮೇಲೆ ಗೋಡೆಗೆ ಸದ್ದು ತಾಗಿ ವಾಪಸ್ಸು ಬರುತ್ತದೆಂದು ನಮ್ಮ ಅತ್ತೆ ಹೊಲಿದ ಕೌದಿಗಳನ್ನೆಲ್ಲ ತಂದು ನಾಲ್ಕೂ ಗೋಡೆಗೆ ತೂಗುಹಾಕಿದ. ನಮ್ಮೂರಿನ ಬೇಸಿಗೆ, ಅದರಲ್ಲಿ ಗೋಡೆಗೆ ಕೌದಿ! ಮನೆಗೆ ಬಂದವರು ಅದನ್ನು ನೋಡಿ, ಹಾಸಿಗೆ ಒದ್ದೆ ಮಾಡುವ ಮಕ್ಕಳು ಎಷ್ಟಿದ್ದಾವೆ ಎಂದು ನನ್ನನ್ನೇ ಕೇಳುತ್ತಿದ್ದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು. ಸದ್ದು ಸರಿಯಾಗಿ ಕೂಡುವುದು ಆ ಗುರುತಿನಲ್ಲಿ ಮಾತ್ರವಂತೆ. ದಿನಾ ಬೆಳಿಗ್ಗೆ ಒರೆಸುವಾಗ ಅದಕ್ಕೆ ನೀರು ತಾಗದಂತೆ ಬಳಸಿಕೊಂಡು ಒರೆಸಬೇಕಿತ್ತು ನಾನು. ದೇವರ ಮುಂದಿನ ರಂಗೋಲಿಗೂ ಅಷ್ಟು ಮರ್ಯಾದೆ ಕೊಟ್ಟವಳಲ್ಲ.

ಇನ್ನು ಪ್ಲೇಟುಗಳು. ಸೆಟ್ಟು ಸರಿಯಾಗಿದೆಯೋ ಇಲ್ಲವೋ ನೋಡುವುದಕ್ಕೆ ಎಂಥೆಂಥದ್ದೋ ಪ್ಲೇಟು ಆಗುವುದಿಲ್ಲವಂತೆ. ಒಳ್ಳೆಯದೇ ಬೇಕು. ಒಳ್ಳೆಯದು ಎಂದರೆ ಒಳ್ಳೆಯ ಹಾಡು ಅಂದುಕೊಂಡಿರಾ? ಛೆ! ಪರದೇಶದ ವಾದ್ಯಮೇಳದ ಒಂದು ಪ್ಲೇಟು ತಂದಿದ್ದ. ನೂರು ಜನ ಸೇರಿ ಏನು ನುಡಿಸಿದರೋ ದೇವರಿಗೇ ಗೊತ್ತು. ಅದರ ನಡುವೆ ಒಂದು ಕಡೆ, ಯಾರೋ ಪುಣ್ಯಾತ್ಮ ಮುಂದಿದ್ದ ಪುಸ್ತಕದ ಹಾಳೆ ತಿರುವಿದ ಸದ್ದು ಸಣ್ಣಗೆ ಕೇಳುತ್ತಿತ್ತು. ಅಷ್ಟಕ್ಕಾಗಿ ಆ ಪ್ಲೇಟು! ಮನೆಮಂದಿಯನ್ನೆಲ್ಲ ಉಸಿರು ಬಿಗಿಹಿಡಿಸಿ ಕೂರಿಸಿ, ಹಾಳೆ ತಿರುವಿದ ಕೂಡಲೇ ಮುಳ್ಳು ಎತ್ತಿ, ಯುದ್ಧ ಗೆದ್ದವನ ಹಾಗೆ ನಮ್ಮ ಮುಖ ನೋಡುತ್ತಿದ್ದ. ಇನ್ನೊಂದರಲ್ಲಿ ಗಾಯಕಿ ಹಾಡುವ ಮುಂಚೆ ಉಸಿರೆಳೆದುಕೊಳ್ಳುತ್ತಾಳೆ. ಅದನ್ನು ಕೇಳಿಸಿ, ಅವಳು ಬಾಯಿ ತೆರೆಯುವಷ್ಟರಲ್ಲಿ ಮುಳ್ಳು ಎತ್ತುತ್ತಿದ್ದ. ಮತ್ತೊಂದರಲ್ಲಿ ಎಡಗಡೆಯ ಪೆಟ್ಟಿಗೆಯಿಂದ ಬಲಗಡೆಯ ಪೆಟ್ಟಿಗೆಗೆ ಒಂದು ರೈಲು ಹೋಗುತ್ತಿತ್ತು. ನಮ್ಮ ಅತ್ತೆ ಪ್ರತಿಸಲವೂ ಕಾಲು ಮಡಚಿಕೊಂಡು ಅದಕ್ಕೆ ದಾರಿ ಬಿಡುತ್ತಿದ್ದರು.

“ಸ್ಟೇಷನ್ನಿಗೆ ಹೋಗಿ ಕುಂತ್ರೆ ದಿನಾ ಕೇಳಬಹುದಲ್ಲಪ್ಪ,” ಎಂದೆ ಒಮ್ಮೆ.

“ಅಲ್ಲಿ ಒರಿಜಿನಲ್ ಸದ್ದು ಸರಿ ಇರಲ್ಲ ಅತ್ಗೆಮ್ಮ,” ಎಂದ.

ಪ್ಲೇಟು ತರುತ್ತಿದ್ದದ್ದು ಮಂಡಿಪೇಟೆಯಿಂದ. ಬೆಲ್ಲದ ಮಂಡಿಗೂ ಮೆಣಸಿನಕಾಯಿ ಮಂಡಿಗೂ ನಡುವೆ ಸಾಹೇಬರೊಬ್ಬರ ಸಣ್ಣ ರೇಡಿಯೋ ಅಂಗಡಿ ಇತ್ತು. ಮೆಣಸಿನಕಾಯಿಯ ಘಾಟಿಗೆ ಗಿರಾಕಿಗಳು ಸೀನುತ್ತಲೇ ಹಾಡು ಆರಿಸಬೇಕು. ನಮ್ಮವನು ಅಲ್ಲಿಗೆ ಹೋದರೆ ಪ್ಲೇಟನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿ ಹಚ್ಚಿ, ಮೂಸಿ, ಕೊನೆಗೆ ಎರಡು ಹಾಡುಗಳ ನಡುವೆ ಖಾಲಿ ಇರುತ್ತದಲ್ಲ, ಅದನ್ನು ಹಾಕಿ ತೋರಿಸಿ ಎನ್ನುತ್ತಿದ್ದ. ಅಲ್ಲಿ ಸುಂಯ್ ಎನ್ನುವ ಸದ್ದು ಇದೆಯೋ ಇಲ್ಲವೋ ನೋಡಬೇಕಂತೆ. ಸಾಹೇಬರು ಸಮಾಧಾನದ ಮನುಷ್ಯ. ಒಂದು ದಿನ ಅವರಿಗೂ ಸಾಕಾಯಿತು.

“ಒಂದು ಕೆಲಸ ಮಾಡೋಣ ತಮ್ಮ,” ಎಂದರು. “ಹಾಡು ನಾನಿಟ್ಕೊಂತೀನಿ. ನಡುವಿಂದು ಖಾಲಿ ಜಾಗ ಕತ್ತರಿಸಿ ಕೊಡ್ತೀನಿ, ನೀನು ತಗೊಂಡ್ ಹೋಗು.”

ಆ ಅಂಗಡಿಯಲ್ಲೇ ನಮ್ಮ ಅತ್ತೆಯ ಪದ ಸಿಕ್ಕಿದ್ದು. ಬೆಲ್ಲ ನೋಡಲು ನಾನೂ ಅತ್ತೆಯೂ ಹೋಗಿದ್ದೆವು. ಸಾಹೇಬರು ಒಂದು ಪ್ಲೇಟು ಹಾಕಿದ್ದರು. ಯಾರೋ ಹೆಣ್ಣುಮಗಳು ಹಾಡಿದ ಹಳ್ಳಿಯ ಕಡೆಯ ಪದ. ಒಬ್ಬಳು ಹುಡುಗಿ, ತವರಿನಿಂದ ಬಹಳ ದಿನವಾಗಿ ಸುದ್ದಿಯಿಲ್ಲ, ತಾಯಿಯನ್ನು ನೋಡಿಬರುತ್ತೇನೆಂದು ಅತ್ತೆಮನೆಯಲ್ಲಿ ಕೇಳಿಕೊಂಡು, ಬುತ್ತಿ ಕಟ್ಟಿಕೊಂಡು, ಹೊಸ್ತಿಲ ಮೇಲೆ ಕಾಲಿಡುತ್ತಾಳೆ. ಅಷ್ಟರಲ್ಲಿ ಕರೆಂಟು ಹೋಯಿತು. ಅತ್ತೆ ಬೆಲ್ಲ ಮರೆತು ಅಲ್ಲೇ ನಿಂತರು. ಕರೆಂಟು ಬರಲಿಲ್ಲ. ಮನೆಗೆ ಬಂದು ಮಗನಿಗೆ ಹೇಳಿದರು. ಅಪರೂಪಕ್ಕೆ ಅವನು ಮಾರನೆಯ ದಿನವೇ ಹೋಗಿ ಅದನ್ನು ತಂದ. ಮಾತೃಭಕ್ತಿಯೇ? ಸುಳ್ಳು! ಆ ಪದದ ಮೊದಲಿಗೆ ಒಂದು ದಪ್ಪ ಡಗ್ಗದ ಪೆಟ್ಟು, ಅದರ ಹಿಂದೆಯೇ ಹೂವಿನ ಎಸಳು ಬಿದ್ದಂತೆ ಸಣ್ಣ ತಾಳದ ಸದ್ದು, ಆಮೇಲೆ ಹೆಣ್ಣಿನ ದನಿ. ಸೆಟ್ಟು ಪರೀಕ್ಷೆಗೆ ಬೇಕಾದ್ದೆಲ್ಲ ಒಂದೇ ಕಡೆ ಇದೆ ಎಂದು ಅವನು ಕುಣಿದಾಡಿಬಿಟ್ಟ.

ಅಂದಿನಿಂದ ಸುರುವಾಯಿತು ನಮ್ಮ ಗ್ರಹಚಾರ. ಸಂಜೆ ಹರಿಹರದಿಂದ ಬಂದವನೇ ಆ ಪ್ಲೇಟು ಹಾಕುವುದು. ಡಗ್ಗ, ತಾಳ, ದನಿ. ಹುಡುಗಿ ಬುತ್ತಿ ಕಟ್ಟಿಕೊಂಡು ಹೊಸ್ತಿಲಿಗೆ ಬರುವಷ್ಟರಲ್ಲಿ ಅವನ ಕೈ ತಾನಾಗಿ ಮೇಲೇಳುವುದು, ಮುಳ್ಳು ಎತ್ತುವುದು. ಮತ್ತೆ ಮೊದಲಿನಿಂದ ಡಗ್ಗ, ತಾಳ, ದನಿ. ಒಂದೊಂದು ಸಂಜೆ ಆ ಹುಡುಗಿ ಎಷ್ಟು ಸಲ ಬುತ್ತಿ ಕಟ್ಟುತ್ತಿದ್ದಳೋ! ರೊಟ್ಟಿ ಹಳಸಿರಬೇಕು.

“ಒಂದು ಸಲ ಪೂರ್ತಿ ಹಾಕಪ್ಪ,” ಎನ್ನುತ್ತಿದ್ದರು ಅತ್ತೆ. “ಎಷ್ಟು ವರ್ಷ ಆತು, ಪಾಪ, ಹೊಸ್ತಿಲ ಮ್ಯಾಲೇ ನಿಂತಾಳೆ. ತವರು ಮುಟ್ಟಿದ್ಲೋ ಇಲ್ವೋ ಒಂದು ಗೊತ್ತಾಗ್ಲಿ.”

“ಅರ್ಧಂಬರ್ಧ ಸದ್ದಿನಾಗೆ ಕೇಳಿದ್ರೆ ಕೇಳಿದಂಗಲ್ಲವ್ವ. ಸುಮ್ನೆ ಪ್ಲೇಟು ಸವೀತೈತೆ. ಸೆಟ್ಟು ಸರಿಹೋದ ದಿನ ಮೊದ್ಲು ನಿನ್ನೇ ಕೂರಿಸ್ತೀನಿ.”

ಸೆಟ್ಟು ಸರಿಹೋಗುವ ದಿನ! ಬೇಸ್ ಸರಿಹೋದರೆ ಟ್ರೆಬಲ್ ಕೆಡುತ್ತಿತ್ತು, ಟ್ರೆಬಲ್ ಸರಿಹೋದರೆ ಬೇಸ್. ದಪ್ಪ ಸದ್ದಿಗೆ ಬೇಸ್, ತಾಳ ಗೆಜ್ಜೆಯಂಥ ಸಣ್ಣ ಸದ್ದಿಗೆ ಟ್ರೆಬಲ್ ಎಂದು ಹೇಳುತ್ತಾರೆಂಬಷ್ಟು ಇಂಗ್ಲಿಷು ಆ ಮನೆಯಲ್ಲಿ ಬೆಕ್ಕಿಗೂ ಬಂದಿತ್ತು. ಅವನಿಲ್ಲದಾಗ ನಾವೇ ಹಾಕಿಕೊಂಡು ಕೇಳಬಾರದಿತ್ತೇ ಎನ್ನುತ್ತೀರಿ. ಕೇಳಬಹುದಿತ್ತು, ಆದರೆ ಅವನು ಮುಳ್ಳನ್ನು ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ಜೇಬಿನಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋಗುತ್ತಿದ್ದ! ಇನ್ನೊಂದು ಪ್ಲೇಟಿಗೆಂದು ಸಾಹೇಬರನ್ನು ಕೇಳಿದರೆ, ಆ ಕಂಪನಿಯವರು ಅದನ್ನು ಮತ್ತೆ ಒತ್ತಲೇ ಇಲ್ಲವೆಂದರು.

ಇಂಥವನಿಗೆ ಹೆಣ್ಣು ನೋಡಲು ನಾವು ಹೊರಟೆವು ನೋಡಿ, ನಮ್ಮ ಧೈರ್ಯ ದೊಡ್ಡದು. ಹರಿಹರದಲ್ಲೇ ಒಳ್ಳೆಯ ಮನೆತನ. ಪಡಸಾಲೆಗೆ ಕಾಲಿಟ್ಟವನೇ ನಮ್ಮವನು ಸುತ್ತ ನೋಡಿ ಚಟ್ ಎಂದು ಚಪ್ಪಾಳೆ ಹೊಡೆದ. ಗೋಡೆಗೆ ಸದ್ದು ಎಷ್ಟು ತಾಗುತ್ತದೆ ಎಂದು ನೋಡುವ ರೀತಿಯಂತೆ ಅದು. ಹುಡುಗಿಯ ತಂದೆ, ನೀರಿಗಾಗಿ ಹೀಗೆ ಕರೆಯುತ್ತಿದ್ದಾನೆಂದು ತಿಳಿದು, ಮುಖ ಕೆಂಪಗೆ ಮಾಡಿಕೊಂಡು ತಾವೇ ಚೊಂಬು ತಂದಿಟ್ಟರು. ಅವಲಕ್ಕಿ, ಚಹಾ ಆಯಿತು. ಹುಡುಗಿ ಒಂದು ಪದ ಹೇಳಲಿ ಎಂದರು ಅತ್ತೆ. ಬಂಗಾರದಂಥ ದನಿ. ಅತ್ತೆ ಕಣ್ಣು ಮುಚ್ಚಿ ತಲೆಯಾಡಿಸತೊಡಗಿದ್ದರು. ಎರಡು ಸಾಲು ಆಗಿರಲಿಲ್ಲ, ನಮ್ಮವನು ಕೈ ಎತ್ತಿ, “ಸಾಕು, ಸಾಕು, ಗೊತ್ತಾತು,” ಎಂದುಬಿಟ್ಟ!

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅತ್ತೆ ಕಿಟಕಿಯ ಕಡೆ ತಿರುಗಿ ಕೂತರು. ಅವನೇ ನನ್ನ ಕಡೆ ಬಾಗಿ ಹೇಳಿದ, “ಹುಡುಗಿದೇನೂ ತಪ್ಪಿಲ್ಲ ಅತ್ಗೆಮ್ಮ, ಪಡಸಾಲೆ ಕೆಟ್ಟದ್ದು. ಗ್ವಾಡಿಗೆ ಎರಡು ಕೌದಿ ಹಾಕಿದ್ರೆ ಸರಿಹೋಗ್ತಿತ್ತು.”

“ಮಷಿನ್ ಹಾಡಿದ್ರೆ ಕೇಳಗೊಡಲ್ಲ, ಮನುಷ್ಯರು ಹಾಡಿದ್ರೂ ಕೇಳಗೊಡಲ್ಲ,” ಎಂದರು ಅತ್ತೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ.

ವಾರದೊಳಗೆ ನಡುವಿನವರ ಬಾಯಲ್ಲಿ ಉತ್ತರ ಬಂತು. ಹುಡುಗ ಒಳ್ಳೆಯವನೇ, ನೌಕರಿಯೂ ಒಳ್ಳೆಯದೇ. ಆದರೆ ತಮ್ಮ ಮಗಳು ಒಂದು ಮಾತು ಸುರು ಮಾಡಿದರೆ ಮುಗಿಯುವ ತನಕ ಕೂರುವ ಹುಡುಗ ಬೇಕು ಎಂದಿದ್ದರಂತೆ. ಅವರನ್ನು ನಾನು ಈಗಲೂ ಬುದ್ಧಿವಂತರೆಂದೇ ತಿಳಿದಿದ್ದೇನೆ.

ಆ ಮೇಲಿನ ವರ್ಷ ಅವನು ಹೊಸದೊಂದು ಚಿಕ್ಕ ಸ್ಪೀಕರು ತಂದು ಪೆಟ್ಟಿಗೆಯಲ್ಲಿ ಕೂರಿಸಿದ. ಇನ್ನು ತಾಳ ಹೇಗೆ ಕೇಳುತ್ತದೆ ನೋಡಿ ಎಂದು ಅತ್ತೆಯನ್ನು ಸೀಮೆಸುಣ್ಣದ ಗುರುತಿನ ಮೇಲೆ ಕೂರಿಸಿ ಪ್ಲೇಟು ಹಾಕಿದ.

“ತಾಳನಾ?” ಎಂದರು ಅತ್ತೆ. “ತಾಳ ಎಲ್ಲೈತಪ್ಪ ಇದ್ರಾಗೆ?”

ಅವನ ಮುಖ ನೋಡಬೇಕಿತ್ತು! ನನಗೂ ನಮ್ಮ ಮನೆಯವರಿಗೂ ತಾಳ ಚೆನ್ನಾಗಿಯೇ ಕೇಳಿತ್ತು. ಹೇಳಿದರೆ, ದಿನಾ ಕೇಳಿ ಕೇಳಿ ನಿಮಗೆ ನೆನಪಿನಿಂದ ಕೇಳಿಸುತ್ತದೆ ಎಂದು ನಮ್ಮನ್ನೇ ಗದರಿದ. ಸೆಟ್ಟು ಬಿಚ್ಚಿದ. ತಂತಿ ಬದಲಿಸಿದ, ಸ್ಪೀಕರು ಬದಲಿಸಿದ, ಕೌದಿಗಳ ಜಾಗ ಬದಲಿಸಿದ. ಪ್ರತಿಸಲವೂ ಅತ್ತೆ ಪಾಪ, ಕಣ್ಣು ಕಿರಿದು ಮಾಡಿ ಕೇಳಿ, ಇಲ್ಲಪ್ಪ ಎನ್ನುತ್ತಿದ್ದರು. ಊಟದ ಹೊತ್ತಿಗೆ ಪಡಸಾಲೆಯ ತುಂಬ ತಿರುಪುಗಳು. ನಾವೆಲ್ಲ ಗೋಡೆಗೆ ಒತ್ತಿ ನಡೆಯುತ್ತಿದ್ದೆವು.

ನನಗೆ ಅದೇ ದಿನಗಳಲ್ಲಿ ನನ್ನದೇ ಒಂದು ತಾಪತ್ರಯ. ಹೊಸ ಕುಕ್ಕರಿನಲ್ಲಿ ಬೇಳೆ ಇಟ್ಟು ನಾನು ಹಿತ್ತಲಿಗೆ ಹೋದರೆ, ಸೀಟಿ ಎಣಿಸುವುದು ಒಲೆಯ ಪಕ್ಕ ಅಕ್ಕಿ ಆರಿಸುತ್ತ ಕೂತ ಅತ್ತೆಯ ಕೆಲಸ. ಸೀಟಿಯಾದ ಕೂಡಲೇ ಕೂಗುತ್ತಿದ್ದರು. ಈಚೆಗೆ ಬೇಳೆ ದಿನಾ ಅಂಟಿನಂತೆ ಆಗತೊಡಗಿತ್ತು. ಸೀಟಿಯೇ ಆಗಲಿಲ್ಲವಲ್ಲ ಎನ್ನುತ್ತಿದ್ದರು. ಕುಕ್ಕರು ಕೆಟ್ಟಿತೆಂದು ನಾನು ಅದರ ರಬ್ಬರು ಬದಲಿಸಿದೆ, ಮುಚ್ಚಳ ರಿಪೇರಿಗೆ ಕೊಟ್ಟು ತಂದೆ, ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದೆ.

ಒಂದು ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಬೀದಿಗೆಲ್ಲ ಕೇಳುವಂತೆ ಕುಕ್ಕರು ಸೀಟಿ ಹೊಡೆಯಿತು. ಅತ್ತೆ ಕೂಗಲಿಲ್ಲ. ಇನ್ನೊಂದು. ಮತ್ತೊಂದು. ಒದ್ದೆ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದೆ. ಸದ್ದಿಗೆ ಎದ್ದುಬಂದ ಅವನೂ ಪಡಸಾಲೆಯ ಕಡೆಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಸ್ಕ್ರೂಡ್ರೈವರು. ನಡುವೆ ಅತ್ತೆ, ಒಲೆಗೆ ಒಂದು ಮೊಳ ದೂರದಲ್ಲಿ, ತಲೆ ಬಗ್ಗಿಸಿ ಮೊರದಲ್ಲಿ ಕಲ್ಲು ಆರಿಸುತ್ತಿದ್ದರು. ಕುಕ್ಕರು ಮತ್ತೆ ಕೂಗಿತು. ಅವರು ತಲೆಯೆತ್ತಲಿಲ್ಲ.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಕುಕ್ಕರು ರಿಪೇರಿ ಮಾಡಿಸಿದ್ದೆ. ಅವನು ಸೆಟ್ಟು ರಿಪೇರಿ ಮಾಡುತ್ತಿದ್ದ.

ಮಾರನೆಯ ದಿನ ರಜೆ ಹಾಕಿ ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ. ವಯಸ್ಸಿನಿಂದ ಬಂದದ್ದಂತೆ. ಸಣ್ಣ ಸದ್ದುಗಳು ಮೊದಲು ಹೋಗುತ್ತವಂತೆ, ಆಮೇಲೆ ಮಾತುಗಳೂ ಒಂದೊಂದಾಗಿ. ಅಷ್ಟು ಹೇಳಿ ಪಡಸಾಲೆಗೆ ಹೋದ. ಬಿಚ್ಚಿಟ್ಟದ್ದನ್ನೆಲ್ಲ ಕೂಡಿಸಿದ. ಟ್ರೆಬಲ್ಲಿನ ಗುಂಡಿಯನ್ನು ಕೊನೆಯ ತನಕ ತಿರುವಿದ. ಹಾಗೆ ತಿರುವುವವರನ್ನು ಅವನು ಹೋಟೆಲಿನ ಲೌಡ್‌ಸ್ಪೀಕರಿನವರು ಎಂದು ಹೀಯಾಳಿಸುತ್ತಿದ್ದ. ಸದ್ದು ಎಷ್ಟು ಕರ್ಕಶವಾಯಿತೆಂದರೆ ನಮ್ಮ ಮನೆಯವರು ಎದ್ದು ಹೊರಗಿನ ಕಟ್ಟೆಗೆ ಹೋದರು. ಆಮೇಲೆ ಅವನು ಸೀಮೆಸುಣ್ಣದ ಗುರುತನ್ನು ತುಳಿದುಕೊಂಡೇ ಹೋಗಿ, ಪೆಟ್ಟಿಗೆಗೆ ಅಂಟಿದಂತೆ ಒಂದು ಮಣೆ ಹಾಕಿ, ಅವ್ವನ ಕಿವಿಯ ಹತ್ತಿರ ಬಾಗಿ ಹೇಳಿದ:

“ಅವ್ವಾ, ಸೆಟ್ಟು ಸರಿಹೋತು. ಬಾ, ಕುಂದ್ರು.”

ಸದ್ದಿನ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಪ್ಲೇಟು ತಿರುಗಿತು. ವರ್ಷಗಟ್ಟಲೆ ಅಷ್ಟನ್ನೇ ಹಾಕಿ ಹಾಕಿ ಮೊದಲಿನ ಭಾಗ ಸವೆದು ಗೀರು ಬಿದ್ದಿತ್ತು. ಏರಿಸಿದ ಟ್ರೆಬಲ್ಲಿಗೆ ಆ ಗೀರುಗಳೇ ಮೇಲೆದ್ದು, ಡಗ್ಗವಿಲ್ಲ, ತಾಳವಿಲ್ಲ, ಭಟ್ಟಿಯಲ್ಲಿ ಮಂಡಕ್ಕಿ ಸಿಡಿದ ಹಾಗೆ ಬರೀ ಚಟಪಟ. ಅದರ ನಡುವೆ ಎಲ್ಲೋ ಹುಡುಗಿ ಬುತ್ತಿ ಕಟ್ಟುತ್ತಿದ್ದಳು. ಹೊಸ್ತಿಲು ಬಂತು. ರೂಢಿಯಂತೆ ಅವನ ಕೈ ತಾನಾಗಿ ಮೇಲೆದ್ದಿತು. ಅತ್ತೆ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಎಳೆದು, ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಹುಡುಗಿ ಹೊಸ್ತಿಲು ದಾಟಿದಳು. ಅಲ್ಲಿಂದಾಚೆ ಮುಳ್ಳು ಯಾವತ್ತೂ ಮುಟ್ಟಿರದ ಜಾಗ. ಒಂದು ಗೀರಿಲ್ಲ, ಒಂದು ಧೂಳಿಲ್ಲ. ಇಂದೇ ಹಾಡಿದ ಹಾಗೆ ದನಿ ತೊಳೆದಿಟ್ಟಂತೆ ಬಂತು. ಅವಳು ಹೊಲದ ಬದುವಿನ ಮೇಲೆ ನಡೆದಳು. ತುಂಬಿದ ಹೊಳೆಯ ದಂಡೆಯಲ್ಲಿ ದೋಣಿಗೆ ಕಾದಳು. ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕಟ್ಟೆಯ ಮೇಲಿದ್ದ ನಮ್ಮ ಮನೆಯವರೂ ಯಾವಾಗ ಒಳಗೆ ಬಂದಿದ್ದರೋ. ಕೊನೆಯ ನುಡಿಯಲ್ಲಿ ತಾಯಿ ದೀಪ ಹಿಡಿದು ಬಾಗಿಲು ತೆರೆದಳು.

“ಮುಟ್ಟಿದ್ಲು,” ಎಂದರು ಅತ್ತೆ.

“ತಾಳ ಕೇಳ್ತೇನವ್ವ?”

“ತಾಳ ಯಾರಿಗೆ ಬೇಕೋ. ಹುಡುಗಿ ಮನೆ ಮುಟ್ಟಿದ್ಲಲ್ಲ.”

ಪದ ಮುಗಿದು ಪ್ಲೇಟು ಖಾಲಿ ತಿರುಗುತ್ತಿತ್ತು. ಗರ್, ಗರ್ ಎನ್ನುತ್ತ ಮುಳ್ಳು ಸುಮ್ಮಸುಮ್ಮನೆ ಸವೆಯುತ್ತಿತ್ತು. ಅತ್ತೆ ಅವನ ಕೈ ಬಿಟ್ಟಿರಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ.