ಕೊಡೆ ಯಾವ ದೇಶದ್ದು?

ಅಂಗಡಿಯ ತೊಲೆಯಿಂದ ಒಂದು ಕಪ್ಪು ಕೊಡೆ ಬಿಚ್ಚಿಕೊಂಡು ತಲೆಕೆಳಗಾಗಿ ತೂಗುತ್ತಿದೆ. ಹಿಡಿ ಇರಬೇಕಾದಲ್ಲಿ ಬರಿಯ ಸರಳಿನ ತುದಿ. ಅದಕ್ಕೆ ಬಿಗಿದ ಒಂದು ದಾರ. ಕಿಟಕಿಯ ಬೆಳಕು ಬಟ್ಟೆಯ ಮೇಲೆ ಬಿದ್ದು, ಹೊಸ ಹೊಲಿಗೆಗಳು ಒಂದೊಂದಾಗಿ ಕಾಣುತ್ತಿವೆ. ಕೆಳಗೆ ಕತ್ತರಿ, ಸವೆದ ಸೀಮೆಸುಣ್ಣ, ಸೀಳಿದ ಮಣೆ. ಗಾಳಿಯಿಲ್ಲ. ಯಾರಿಗೋ ಕೈ ನೀಡಿ, ಆ ಕೈಯನ್ನು ಯಾರೂ ಹಿಡಿಯದೆ, ಹಾಗೆಯೇ ನಿಂತುಬಿಟ್ಟ ಜೀವದಂತೆ ಕೊಡೆ ಅಲುಗದೆ ಇದೆ.

ಅದನ್ನು ಮಾಡಿದವನನ್ನು ಊರೆಲ್ಲ ಕೊಡೆಯಪ್ಪ ಎನ್ನುತ್ತಿತ್ತು. ಅವನು ಕಡ್ಡಿ ಬಾಗಿಸಬಲ್ಲ, ಬಟ್ಟೆ ಹೊಲಿಯಬಲ್ಲ. ಹಿಡಿ ಮಾತ್ರ ಮಾಡಲಾರ. ಹಿಡಿ ಕೆತ್ತುವವನು ಹೊಳೆಯಾಚೆಯ ಅಣ್ಣ. ಆ ಅಣ್ಣನಿಗೋ ಸೂಜಿಗೆ ದಾರ ಪೋಣಿಸಲೂ ಬಾರದು. ಹೊಳೆಯಾಚೆ ಎಂದರೆ ಬೇರೆ ದೇಶ. ಅಪ್ಪ ಮಕ್ಕಳಿಗೆ ಆಸ್ತಿಯ ಬದಲು ಕಸುಬನ್ನೇ ಎರಡು ಪಾಲು ಮಾಡಿ ಹೋಗಿದ್ದ. ಮನಸ್ಸು ಮುರಿದ ದಿನವೂ ಹೊಟ್ಟೆಪಾಡಿಗಾದರೂ ಒಬ್ಬರ ಮುಖ ಒಬ್ಬರು ನೋಡಲಿ ಎಂಬುದು ಆ ಹಿರಿಯನ ಎಣಿಕೆ. ವಾರಕ್ಕೊಮ್ಮೆ ಕೊಡೆಯಪ್ಪ ಸೇತುವೆ ದಾಟುವನು. ಅಣ್ಣ ಹಿಡಿ ಕೂಡಿಸುವಷ್ಟು ಹೊತ್ತು ಇಬ್ಬರೂ ಹರಟುವರು. ಸೇತುವೆಯ ಮುದಿ ಕಾವಲುಗಾರ ಸುಂಕವೆಂದು ಮಳೆಗಾಲಕ್ಕೊಂದು ಕೊಡೆ ಇಸಿದುಕೊಂಡು ಉಳಿದ ಕಾಲವೆಲ್ಲ ನಿದ್ದೆ ಮಾಡುತ್ತಿದ್ದ.

ಹೀಗಿರುವಾಗ ಎರಡು ದೇಶಗಳೂ ಮುಕ್ತ ವ್ಯಾಪಾರದ ಒಪ್ಪಂದ ಮಾಡಿಕೊಂಡವು.

ಒಪ್ಪಂದ ಜಾರಿಗೆ ಬಂದ ಬೆಳಿಗ್ಗೆ, ಹಿಡಿಯಿಲ್ಲದ ಕೊಡೆಗಳ ಕಟ್ಟು ಹೊತ್ತು ಹೊರಟವನನ್ನು ಎದುರಂಗಡಿಯ ಕ್ಷೌರಿಕ ತಡೆದು ಅಭಿನಂದಿಸಿದ. "ಇನ್ನೇನಪ್ಪ, ಸುಂಕಾನೇ ಇಲ್ಲ. ಗಾಳಿ ಥರ ಹೋಗು, ಗಾಳಿ ಥರ ಬಾ."

ಗಾಳಿ ಸೇತುವೆಯ ನಡುವೆ ನಿಂತಿತು. ಅಲ್ಲಿ ಹೊಸ ಕಚೇರಿಯೊಂದು ಎದ್ದಿತ್ತು. ಈ ದಡಕ್ಕೊಂದು ಬಾಗಿಲು, ಆ ದಡಕ್ಕೊಂದು. ಒಳಗಿದ್ದ ಅಧಿಕಾರಿ ಕೆಟ್ಟವನಲ್ಲ. ಒಪ್ಪಂದವನ್ನು ಪೂರ್ತಿ ಓದಿದ್ದ, ಅಷ್ಟೇ.

"ಇದು ಯಾವ ದೇಶದ ಕೊಡೆ?"

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬುದು ಹಳೆಯ ಮಾತು. ಈಗ ಸುಂಕವೇ ಇಲ್ಲವಲ್ಲ ಎಂಬ ಧೈರ್ಯದಿಂದ ಕೊಡೆಯಪ್ಪ ಎಲ್ಲವನ್ನೂ ಹೇಳಿಕೊಂಡ: ಬಟ್ಟೆ ಇಲ್ಲಿಯದು, ಹಿಡಿ ಅಲ್ಲಿಯದು, ಅಪ್ಪ ಇಬ್ಬರಿಗೂ ಸೇರಿದವನು. ಅಧಿಕಾರಿ ಮರುಗಿದ. ಪೂರ್ತಿ ಈ ದೇಶದ ಕೊಡೆಯಾದರೆ ಮುಕ್ತವಾಗಿ ಆಚೆ ಹೋಗಬಹುದು, ಪೂರ್ತಿ ಆ ದೇಶದ್ದಾದರೆ ಈಚೆ ಬರಬಹುದು, ಅರ್ಧಂಬರ್ಧಕ್ಕೆ ಒಪ್ಪಂದದಲ್ಲಿ ಜಾಗವಿಲ್ಲ ಎಂದು ವಿವರಿಸಿದ.

"ಮೊದಲು ಹೋಗ್ತಿತ್ತಲ್ಲ ಸ್ವಾಮಿ?"

"ಮೊದಲು ಒಪ್ಪಂದ ಇರಲಿಲ್ಲವಲ್ಲ."

ಸಂಜೆಯೊಳಗೆ ಸ್ವದೇಶಿ ಕೊಡೆ ತೋರಿಸಿದರೆ ಕೊಡೆಯಪ್ಪನ ಹೆಸರು ನೋಂದಾವಣೆಯಾಗುವುದು. ತಪ್ಪಿದರೆ ಎರಡು ಸರ್ಕಾರಗಳೂ ಮತ್ತೆ ಕೂತು ಮಾತಾಡುವವರೆಗೆ ಕಾಯಬೇಕು. ಸರ್ಕಾರಗಳು ಕೂರುವುದು ಹೇಗೆಂದು ಕೊಡೆಯಪ್ಪನಿಗೆ ಗೊತ್ತಿತ್ತು. ಓಡಿಬಂದ.

ಹಿಡಿ ಹುಡುಕಲು ಕೇರಿಗೆ ಕೇರಿಯೇ ಎದ್ದಿತು. ನಿವೃತ್ತ ಮೇಷ್ಟ್ರು, ದೇಶಕ್ಕಾಗಿ ಎನ್ನುತ್ತ, ತಮ್ಮ ಊರುಗೋಲನ್ನೇ ತಂದುಕೊಟ್ಟರು. ತಿರುಗಿಸಿ ನೋಡಿದರೆ ಅದನ್ನು ಕೆತ್ತಿದವನು ಅಣ್ಣ. ಬೇಕರಿಯವಳು ಸೌಟು ತಂದಳು. ಅದರ ಹಿಡಿಯೂ ಅಣ್ಣನದೇ. ಕ್ಷೌರಿಕ ತನ್ನ ಕುರ್ಚಿಯ ತೋಳನ್ನೇ ಕಿತ್ತು ತಂದ. ಅದರ ಬೆನ್ನಿಗೂ ಅಣ್ಣನ ಉಳಿಯ ಗುರುತು. ಊರಿನಲ್ಲಿ ಮನುಷ್ಯರ ಕೈಗೆ ಹಿತವಾಗಿದ್ದುದೆಲ್ಲ ವಿದೇಶಿಯೇ ಎಂಬುದು ಆ ದಿನ ಬಯಲಾಯಿತು. ಮೇಷ್ಟ್ರು ಊರುಗೋಲನ್ನು ಮರಳಿ ಪಡೆದು, ದೇಶದ ಮಾತು ನಿಲ್ಲಿಸಿ ಮನೆಗೆ ಹೋದರು.

ಕೊನೆಗೆ ಕೊಡೆಯಪ್ಪ ತನ್ನ ಮಣೆಯನ್ನೇ ಸೀಳಿ, ಎರಡು ಬೆರಳು ಕುಯ್ದುಕೊಂಡು, ತಾನೇ ಹಿಡಿ ಕೆತ್ತಿದ. ಅದು ಬಾಗಿಲಿಗೆ ಸಿಕ್ಕಿ ಬಾತುಕೊಂಡ ಹೆಬ್ಬೆರಳಿನಂತಿತ್ತು.

"ಕಣ್ಣಿಗೆ ಹಿಡಿ ಥರಾನೇ ಇದೆ. ಹಿಡ್ಕೊಂಡ್ರೆ ಮಾತ್ರ ಹಾಗನ್ನಿಸಲ್ಲ," ಎಂದ ಕ್ಷೌರಿಕ.

ಇರಲಿ. ಒಮ್ಮೆ ಹೆಸರು ಬಿದ್ದರೆ ಸಾಕು. ಆಮೇಲೆ ಅಣ್ಣನ ಹಿಡಿಗೆ ಹೇಗಾದರೂ ದಾರಿ ಮಾಡಿದರಾಯಿತು. ಹೀಗೆಂದುಕೊಳ್ಳುತ್ತ ಅವನು ಸಂಜೆ ಮತ್ತೆ ಅಧಿಕಾರಿಯ ಮುಂದೆ ನಿಂತ. ಅಧಿಕಾರಿ ಕೊಡೆಯನ್ನು ಬಿಚ್ಚಿ, ಮಡಚಿ, ಬಾಯಿಬಿಟ್ಟು ಹೇಳಬೇಕಾದ ಮಾತೊಂದು ಉಳಿದಿದೆ ಎಂದ.

"ಇದರಲ್ಲಿ ಪರದೇಶದವರ ಕೈ ಇಲ್ಲ ತಾನೆ?"

ಕೊಡೆಯಪ್ಪನ ಕಣ್ಣಿಗೆ ಆ ಕೈ ಕಟ್ಟಿತು: ಮರದ ಹುಡಿ ಮೆತ್ತಿದ, ಉಗುರು ಸೀಳಿದ ಕೈ. ಸೈಕಲ್ಲು ಕಲಿಯುವಾಗ ಬೆನ್ನ ಹಿಂದೆ ಓಡಿಬಂದ ಕೈ.

"ಇಲ್ಲ," ಎಂದ. ಮುದ್ರೆ ಬಿತ್ತು.

ಆಗ ಆಚೆ ದಡದ ಬಾಗಿಲು ತೆರೆದು ಅಣ್ಣ ಬಂದ. ಅವನ ಕೈಯಲ್ಲೂ ಒಂದು ಕೊಡೆ. ಹಿಡಿ ಕೊಕ್ಕರೆಯ ಕೊರಳಿನಷ್ಟು ನಯ. ಮೇಲಿನ ಬಟ್ಟೆ ಮಾತ್ರ ಮನೆಯ ಪರದೆ, ಹೊಲಿಗೆ ಕೋಳಿ ಕೆದರಿದ ಹಾಗೆ. ಅಣ್ಣ ತಮ್ಮನನ್ನು ಕಂಡು ಬಾಗಿಲಲ್ಲೇ ನಿಂತ. ಅಧಿಕಾರಿ ಅದೇ ಪ್ರಶ್ನೆಯನ್ನು ಅವನಿಗೂ ಕೇಳಿದ. ಅಣ್ಣ ನೆಲ ನೋಡುತ್ತ ಅದೇ ಉತ್ತರ ಹೇಳಿದ. ಇನ್ನೊಂದು ಮುದ್ರೆ ಬಿತ್ತು.

ಅಧಿಕಾರಿಗೆ ಹಿಗ್ಗು. ನಿನ್ನೆಯವರೆಗೆ ಇಬ್ಬರು ಸೇರಿ ಒಂದು ಕೊಡೆ. ಇಂದಿನಿಂದ ಎರಡು ದೇಶಗಳೂ ಪರಸ್ಪರ ಕೊಡೆ ಮಾರುವವು. ವ್ಯಾಪಾರ ಎರಡರಷ್ಟಾಯಿತು ಎಂದು ಇಬ್ಬರ ಕೈಯನ್ನೂ ಕುಲುಕಿದ.

"ನೀನೇ ಕೆತ್ತಿದ್ಯಾ?" ಅಣ್ಣ ಕೇಳಿದ.

"ಹೂಂ."

"ಬೆರಳಿಗೆ ಏನಾದ್ರೂ ಹಚ್ಚಿದ್ಯಾ?"

"ಹೂಂ. ನಿಂದು ಸೋರುತ್ತೆ ಕಣೋ ಅಣ್ಣ."

"ಗೊತ್ತು."

ಅಣ್ಣ ತಮ್ಮನ ಹಿಡಿಯ ಮೇಲೆ ಹೆಬ್ಬೆರಳಾಡಿಸಿ, ಒಂದು ಉಬ್ಬಿನ ಮೇಲೆ ತಡೆದು, ಕೈ ಹಿಂದೆಗೆದ. "ಈ ವಾರ ಬರ್ತೀಯಲ್ಲ?"

"ಏನು ಹೊತ್ಕೊಂಡು ಬರಲಿ?"

ಅಧಿಕಾರಿಯೇ ನೆರವಿಗೆ ಬಂದ. ಸರಕನ್ನು ಇನ್ನು ಇಲ್ಲಿಂದ ಲಾರಿ ಒಯ್ಯುವುದು, ಇಬ್ಬರೂ ದಾಟುವ ಕಷ್ಟ ತಪ್ಪಿತು ಎಂದ. ಸುಮ್ಮನೆ ಬರುವುದಾದರೆ, ಎಂದು ಕೊಡೆಯಪ್ಪ ಕೇಳಿದ.

"ಸುಮ್ಮನೆ ಬರೋ ಮನುಷ್ಯರಿಗೆ ಬೇರೆ ಒಪ್ಪಂದ ಆಗಬೇಕು," ಎಂದ ಅಧಿಕಾರಿ ಮೆಲ್ಲಗೆ. "ಅದರ ಮಾತುಕತೆ ಇನ್ನೂ ಶುರುವಾಗಿಲ್ಲ."

ಕಚೇರಿ ಮುಚ್ಚುವ ಹೊತ್ತು. ಅಣ್ಣ ತಮ್ಮನ ಭುಜವನ್ನು ಒಮ್ಮೆ ಒತ್ತಿ, ತನ್ನ ದಡದ ಕಡೆ ತಿರುಗಿದ. ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.