ಅವೆಲೀನೋನ ಮೂರು ಲಕೋಟೆಗಳು

ಕಾಫಿ ಬಗ್ಗಿಸಿಕೊಳ್ಳಲು ಅಡುಗೆಮನೆಗೆ ಬಂದ ಅವೆಲೀನೋ ಬೆಟೆನ್‌ಕೋರ್ಟ್ ಫ್ರಿಜ್ಜಿನ ಬಾಗಿಲು ನೋಡಿ ಅಲ್ಲೇ ನಿಂತುಬಿಟ್ಟ. ಸಂತ ಅಂತೋನಿಯ ಅಯಸ್ಕಾಂತದ ಕೆಳಗೆ ಅವನ ಅಂಕಪಟ್ಟಿ ನೇತಾಡುತ್ತಿತ್ತು. ಮೇಜಿನ ಮೇಲೆ ಸಿಹಿ ಬ್ರೆಡ್ಡಿನ ಪಕ್ಕದಲ್ಲಿ ಲಕೋಟೆ ಹೊಟ್ಟೆ ಬಗೆಸಿಕೊಂಡು ಬಿದ್ದಿತ್ತು. ಬಗೆದದ್ದು ಬ್ರೆಡ್ ಕೊಯ್ಯುವ ಚಾಕುವಿನಿಂದ. ಚಾಕು ಇನ್ನೂ ಅಮ್ಮನ ಕೈಯಲ್ಲೇ ಇತ್ತು.

"ಅಮ್ಮಾ, ಇದನ್ನ ಯಾರು ತೆಗೆದಿದ್ದು?"

"ನಾನೇ ಕಣೋ. ಐದು ವರ್ಷ ರಾತ್ರಿ ಕಾಲೇಜು ಅಂತ ಓಡಾಡಿದ್ಯಲ್ಲ, ಏನು ಕಡಿದು ಗುಡ್ಡೆ ಹಾಕಿದೀಯ ಅಂತ ಹೆತ್ತವಳು ನೋಡಬಾರದಾ?" ಎಂದಳು ದೆಲ್ಫೀನಾ. ಅವಳ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ಪಕ್ಕದ ಮನೆಯಿಂದ ಆಗಲೇ ಬಂದು ಕೂತಿದ್ದ ಚಿಕ್ಕಮ್ಮ ಜುಲ್ಮೀರಾ ಕಾಫಿ ಹೀರುತ್ತಾ ಕೇಳಿದಳು, "ಎಲ್ಲಾ ಚೆನ್ನಾಗಿದೆ, ಆದ್ರೆ ಇತಿಹಾಸದಲ್ಲಿ ಮಾತ್ರ ಯಾಕಪ್ಪ ಕಮ್ಮಿ? ಆ ಮೇಷ್ಟ್ರು ಯಾರು?"

ಅವೆಲೀನೋ ಲಕೋಟೆಯ ಹರಿದ ಅಂಚನ್ನು ಮುಟ್ಟಿ ನೋಡಿದ. ಮೂವತ್ತನಾಲ್ಕು ವರ್ಷದ ಗಂಡಸು ಕುರ್ಚಿ ಎಳೆದುಕೊಂಡು ಕುಸಿದು ಕೂತ.

ಆ ಲಕೋಟೆಯನ್ನು ಈ ಭೂಮಿಯ ಮೇಲೆ ತೆರೆಯಬಹುದಾಗಿದ್ದವರು ಒಬ್ಬರೇ, ನಲವತ್ತು ಮೈಲಿ ಆಚೆಗಿನ ಯೂನಿವರ್ಸಿಟಿಯ ಪ್ರವೇಶ ಕಿಟಕಿಯ ಗುಮಾಸ್ತೆ. ಊರಿನ ಎರಡು ವರ್ಷದ ಕಾಲೇಜಿನಲ್ಲಿ ಓದಿ ಮೂರನೆಯ ವರ್ಷಕ್ಕೆ ಯೂನಿವರ್ಸಿಟಿಗೆ ವರ್ಗವಾಗಿ ಹೋಗುವವರೆಲ್ಲ ಕೊನೆಯ ಅಂಕಪಟ್ಟಿ ಸಲ್ಲಿಸಬೇಕು. ಕಂಪ್ಯೂಟರಿನಲ್ಲಿ ಅದನ್ನು ಕಳಿಸುವ ವ್ಯವಸ್ಥೆ ಹೋದ ವಾರ ಕೆಟ್ಟು ಕೂತಿತ್ತು. ಹಾಗಾಗಿ ಹಳೆಯ ಪದ್ಧತಿ: ಕಾಲೇಜಿನವರು ಲಕೋಟೆಗೆ ಹಾಕಿ, ಅಂಟಿಸಿದ ಕಡೆ ಮೊಹರು ಒತ್ತಿ ಕೊಡುತ್ತಾರೆ, ವಿದ್ಯಾರ್ಥಿ ಒಯ್ಯುತ್ತಾನೆ. ಒಯ್ಯಬಹುದು, ಬಿಚ್ಚಬಾರದು. ಬಿಚ್ಚಿದರೆ ಅದು ಬರೀ ಕಾಗದ. ಕೊನೆಯ ಗಡುವು ಇವತ್ತು ಸಂಜೆ ನಾಲ್ಕು ಗಂಟೆ. ಅದು ದಾಟಿತೋ, ಅವನ ಜಾಗ ಕಾಯುವವರ ಪಟ್ಟಿಯಲ್ಲಿದ್ದ ಇನ್ಯಾರಿಗೋ ಹೋಗುತ್ತದೆ. ಮತ್ತೆ ಅರ್ಜಿ, ಮತ್ತೆ ಒಂದು ವರ್ಷ. ಟೊಮೆಟೊ ಡಬ್ಬಿ ಕಾರ್ಖಾನೆಯಲ್ಲಿ ಹಗಲೆಲ್ಲ ದುಡಿದು, ಗಣಿತದ ಮೇಷ್ಟ್ರಾಗಬೇಕೆಂಬ ಒಂದೇ ಆಸೆಯಿಂದ ಎರಡು ವರ್ಷದ ಓದನ್ನು ಐದು ವರ್ಷ ರಾತ್ರಿ ಓದಿ ಮುಗಿಸಿದವನು ಅವನು. ಇನ್ನೊಂದು ವರ್ಷ ಕಾಯುವ ಧೈರ್ಯ ತನ್ನಲ್ಲಿ ಉಳಿದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಜುಲ್ಮೀರಾ ಮೈದಾ ಕಲಸಿ ಅಂಟು ಕಾಯಿಸಲು ಎದ್ದಾಗಿತ್ತು. "ಇಷ್ಟಕ್ಕೆ ಯಾಕೋ ಹೀಗಾಡ್ತೀಯ? ಅಂಟಿಸಿ ಮೇಲೊಂದು ಇಸ್ತ್ರಿ ಎಳೆದರೆ ದೇವರಿಗೂ ಗೊತ್ತಾಗಲ್ಲ" ಎಂದಳು. ಬೇಡ ಬೇಡವೆನ್ನುವುದರೊಳಗೆ ಎಳೆದೂ ಬಿಟ್ಟಳು. ಮೊಹರಿನ ನಡುವೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದ ಕಂದು ಕಲೆ ಮೂಡಿತು. ದೇವರಿಗೆ ಮಾತ್ರವಲ್ಲ, ದಾರಿಹೋಕರಿಗೂ ಗೊತ್ತಾಗುವಂತಿತ್ತು.

"ಕಾಲೇಜಿಗೆ ಹೋಗಿ ಇನ್ನೊಂದು ತರ್ತೀನಿ" ಎಂದು ಅವೆಲೀನೋ ಟ್ರಕ್ಕಿನ ಕೀಲಿ ಎತ್ತಿಕೊಂಡ.

"ನಾನೂ ಬರ್ತೀನಿ. ತಪ್ಪು ನನ್ನದು, ನಾನೇ ಅವರಿಗೆ ಹೇಳ್ತೀನಿ" ಎಂದು ದೆಲ್ಫೀನಾ ಉಳಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು.

ಊರಿನ ಟೂಲ್ ಕ್ರೀಕ್ ಕಾಲೇಜಿನ ದಾಖಲೆ ಕಿಟಕಿಯ ಮುಂದೆ ಸರದಿ ಬಾಗಿಲಾಚೆಗೂ ಹರಿದಿತ್ತು. ಅವನ ಸರದಿ ಬಂದಾಗ ಹನ್ನೊಂದೂಕಾಲು. ಕಿಟಕಿಯೊಳಗಿದ್ದ ಮಾರ್ವಿನ್ ಎಂಬ ದಪ್ಪ ಮೀಸೆಯವನು ತಲೆಯೆತ್ತದೆ ಹೇಳಿದ, "ಹತ್ತು ದಿನ."

"ನನಗೆ ಇವತ್ತೇ ಬೇಕು ಸಾರ್."

"ಇವತ್ತೇ ಕೊಡೋದು ಈಗ ಓದ್ತಿರೋ ವಿದ್ಯಾರ್ಥಿಗಳಿಗೆ ಮಾತ್ರ. ನೀವು ಮೇ ತಿಂಗಳಲ್ಲೇ ಮುಗಿಸಿದೀರಿ. ನೀವೀಗ ಹಳೆಯವರು."

"ಹೊಸ ಕಡೆ ಇನ್ನೂ ಸೇರಿಸಿಕೊಂಡಿಲ್ಲ, ಇಲ್ಲಿ ಆಗಲೇ ಹಳೆಯವನಾ? ಹಾಗಾದ್ರೆ ನಾನು ಎಲ್ಲಿಯವನು ಸಾರ್?"

"ಅದು ಬೇರೆ ಕಿಟಕಿ" ಎಂದ ಮಾರ್ವಿನ್, ತಮಾಷೆಯ ಸುಳಿವೇ ಇಲ್ಲದೆ.

ದೆಲ್ಫೀನಾ ಬ್ರೆಡ್ಡಿನ ಗಂಟನ್ನು ಕಿಟಕಿಯೊಳಗೆ ತೂರಿಸಿದಳು. "ಬೆಳಿಗ್ಗೆ ಸುಟ್ಟಿದ್ದಪ್ಪ, ಇನ್ನೂ ಮೆತ್ತಗಿದೆ. ತಪ್ಪೆಲ್ಲ ನನ್ನದು." ಮಾರ್ವಿನ್ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿ ಅಗಿದ, ಬಹಳ ಚೆನ್ನಾಗಿದೆಯೆಂದ, ಮತ್ತೆ ಹತ್ತು ದಿನವೆಂದ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಅವೆಲೀನೋನ ತೋಳು ಹಿಡಿದು ಗಿರಕಿ ಹೊಡೆಸಿದರು. ರೋಂಡಾ ಪಿಕರಿಂಗ್! ಯೂನಿವರ್ಸಿಟಿಗೆ ವರ್ಗವಾಗಿ ಹೋಗುವ ಹುಡುಗರನ್ನು ಹುರಿದುಂಬಿಸುವುದೇ ಕೆಲಸವಾದ ಸಲಹೆಗಾರ್ತಿ. ಐದು ವರ್ಷದಲ್ಲಿ ಅವೆಲೀನೋ ಓದು ಬಿಡಲು ಹೊರಟಾಗಲೆಲ್ಲ ಅವನನ್ನು ಹಿಡಿದು ಕೂರಿಸಿದವಳೇ ಈಕೆ. ಅವಳ ಉತ್ಸಾಹಕ್ಕೆ ಸಿಕ್ಕಿದವರು ತಪ್ಪಿಸಿಕೊಂಡದ್ದಿಲ್ಲ.

"ಲೀನೋ! ದೇವರೇ ನಿನ್ನ ಕಳಿಸಿದ! ಸಭಾಂಗಣದಲ್ಲಿ ಇನ್ನೂರು ಹೊಸ ಹುಡುಗರು ಕೂತಿದಾರೆ. ಮಾತಾಡಬೇಕಾದವನು ಕೈಕೊಟ್ಟ. ಇನ್ನು ಪಿಜ್ಜಾ ಖಾಲಿಯಾದ್ರೆ ಒಬ್ಬನೂ ನಿಲ್ಲಲ್ಲ. ನೀನು ಹತ್ತು ನಿಮಿಷ ಮಾತಾಡು."

"ಮೇಡಂ, ನನ್ನ ಜೀವ ಹೋಗ್ತಿದೆ" ಎಂದು ಅವನು ಲಕೋಟೆಯ ಕತೆ ಹೇಳಿದ.

"ಇಷ್ಟೇನಾ? ಅದನ್ನ ನಾನು ನೋಡ್ಕೋತೀನಿ. ನೀನು ಹೋಗಿ ವೇದಿಕೆ ಹತ್ತು." ಅವಳು ಕಿಟಕಿಯ ಪಕ್ಕದ ಬಾಗಿಲು ತಳ್ಳಿ ಒಳಗೆ ನುಗ್ಗಿದಳು. ಕಂಪ್ಯೂಟರಿನ ಮುಂದೆ ಬಾಗಿ ಅದೇನೋ ಕುಟ್ಟಿದ್ದು, ಮಾರ್ವಿನ್ ಮೀಸೆ ತುಂಬ ಬ್ರೆಡ್ಡಿನ ಪುಡಿ ಮೆತ್ತಿಕೊಂಡು ತಲೆಯಾಡಿಸಿದ್ದು, ಅವೆಲೀನೋಗೆ ಗಾಜಿನಿಂದ ಕಂಡಿತು. ಏನು ಕುಟ್ಟಿದಳೆಂದು ಅವನು ಕೇಳಲಿಲ್ಲ. ಮುಳುಗುವವನಿಗೆ ಹಗ್ಗ ಎಸೆದರೆ ಅದನ್ನು ಯಾವ ಅಂಗಡಿಯಲ್ಲಿ ಕೊಂಡದ್ದೆಂದು ವಿಚಾರಿಸುತ್ತಾನೆಯೇ?

ಅವನು ವೇದಿಕೆ ಹತ್ತಿದ. ಇನ್ನೂರು ಬಾಯಿಗಳು ಪಿಜ್ಜಾ ಅಗಿಯುತ್ತಿದ್ದವು. ಗೋಡೆ ಗಡಿಯಾರ ಹನ್ನೊಂದು ನಲವತ್ತು ತೋರಿಸುತ್ತಿತ್ತು. "ನಾನು... ಕಾರ್ಖಾನೆಯಲ್ಲಿ ಟೊಮೆಟೊ ಡಬ್ಬಿಗೆ ಮುಚ್ಚಳ ಹಾಕ್ತಿದ್ದೆ. ಈಗಲೂ ಹಾಕ್ತೀನಿ" ಎಂದು ಶುರುಮಾಡಿ ನಿಂತ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿ ಕೇಳಿದಳು, "ನಮಗೆ ಒಂದೇ ಒಂದು ಬುದ್ಧಿಮಾತು ಹೇಳೋದಾದ್ರೆ ಏನು ಹೇಳ್ತೀರಿ?"

"ಅಂಕಪಟ್ಟೀನ ಅಡುಗೆಮನೇಲಿ ಇಡಬೇಡಿ."

ಸಭೆ ಗೊಳ್ಳೆಂದಿತು. ಅವನು ನಗಿಸಲು ಹೇಳಿದ್ದಲ್ಲ. ಆದರೂ ಆ ನಗುವಿನಿಂದ ಮಾತು ಸಡಿಲವಾಯಿತು. ಅಮ್ಮ, ಚಿಕ್ಕಮ್ಮ, ಇಸ್ತ್ರಿ, ಎಲ್ಲ ಬಂತು. ಐದು ವರ್ಷದ ನಿದ್ದೆಗೇಡಿನ ಮಾತೂ ಬಂತು. ಹುಡುಗರು ಪಿಜ್ಜಾ ಕೆಳಗಿಟ್ಟು ಕೇಳಿದರು.

ರೋಂಡಾ ಹೊಸ ಲಕೋಟೆ ಹಿಡಿದು ವೇದಿಕೆಗೆ ಬಂದಳು. ಅದರ ಮೊಹರು ಇನ್ನೂ ಹಸಿಯಾಗಿತ್ತು. ಅವಳ ಕಣ್ಣು ಒದ್ದೆಯಾಗಿತ್ತು. "ಮಕ್ಕಳೇ, ಈ ಮನುಷ್ಯ ಮೊದಲನೇ ವರ್ಷ ಏನಾಗಿದ್ದ ಗೊತ್ತಾ? ನೀವು ನಂಬಲ್ಲ, ಅವನ ಅಂಕ ನಾನೇ ಓದಿ ಹೇಳ್ತೀನಿ!"

"ಮೇಡಂ, ಬೇಡ!" ಎಂದು ಅವೆಲೀನೋ ಕೈಚಾಚಿ ಧಾವಿಸಿದ. ಪರ್‍ರ್ ಎಂದು ಸದ್ದಾಯಿತು.

"ಬೀಜಗಣಿತ, ಫೇಲು! ಮತ್ತೆ ಬೀಜಗಣಿತ, ಮತ್ತೆ ಫೇಲು! ಮೂರನೇ ಸಲ ತರಗತಿಗೇ ಮೊದಲು!" ಚಪ್ಪಾಳೆಯೋ ಚಪ್ಪಾಳೆ.

ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದ ದೆಲ್ಫೀನಾ ಎದ್ದು ನಿಂತಳು. "ಎರಡು ಸಲ ಫೇಲಾ? ನನಗೆ ಒಂದು ಮಾತು ಹೇಳಿಲ್ವಲ್ಲೋ! ಬೆಳಿಗ್ಗೆ ಆ ಹಾಳೆ ಕೆಳಗಿತ್ತು, ನಾನು ನೋಡಲಿಲ್ಲ!" ಅದಕ್ಕೂ ಚಪ್ಪಾಳೆ ಬಿತ್ತು.

ರೋಂಡಾ ಕೈಯಲ್ಲಿದ್ದ ಹರಿದ ಲಕೋಟೆಯನ್ನು ನೋಡಿದಳು, ಅವೆಲೀನೋನ ಮುಖ ನೋಡಿದಳು, ಆಮೇಲೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಲೀನೋ. ಇನ್ನೊಂದು ಕೊಡಿಸ್ತೀನಿ. ಒಂದೇ ನಿಮಿಷ."

ಆ ಒಂದು ನಿಮಿಷಕ್ಕೆ ಎರಡು ಗಂಟೆ ಹಿಡಿಯಿತು. ಮಾರ್ವಿನ್ ಊಟಕ್ಕೆ ಹೋಗಿದ್ದ. ಬಂದಮೇಲೆ ಮುದ್ರಣದ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತು. ಅವೆಲೀನೋ ಮೊಣಕಾಲೂರಿ ಅದನ್ನು ತಾನೇ ಬಿಡಿಸಿದ. ಕಾರ್ಖಾನೆಯಲ್ಲಿ ಕಲಿತ ವಿದ್ಯೆ ಅಷ್ಟಾದರೂ ಉಪಯೋಗಕ್ಕೆ ಬಂತು. ಮೂರನೆಯ ಲಕೋಟೆ ಕೈಗೆ ಬಂದಾಗ ಎರಡೂವರೆ.

ಟ್ರಕ್ಕಿನಲ್ಲಿ ಲಕೋಟೆಗೆ ಸ್ವಂತ ಸೀಟು ಸಿಕ್ಕಿತು, ಬೆಲ್ಟೂ ಬಿಗಿಯಿತು. ದೆಲ್ಫೀನಾ ಬಾಗಿಲಿಗೆ ಒತ್ತಿಕೊಂಡು ಕೂತಳು. ಹೆದ್ದಾರಿಯ ತುಂಬ ಟೊಮೆಟೊ ಲಾರಿಗಳು ತೆವಳುತ್ತಿದ್ದವು. ಸೆಕೆ ತಡೆಯಲಾರದೆ ಅವಳ ಕೈ ತನ್ನಷ್ಟಕ್ಕೆ ಲಕೋಟೆಯ ಕಡೆ ಹೋಯಿತು, ಗಾಳಿ ಹಾಕಿಕೊಳ್ಳಲು.

"ಅಮ್ಮಾ!!"

"ಮುಟ್ಟಲಿಲ್ಲ ಕಣೋ, ಮುಟ್ಟಲಿಲ್ಲ." ಕೈಯನ್ನು ಮಡಿಲಿಗೆ ಎಳೆದುಕೊಂಡು ಅವಳು ಮೆಲ್ಲನೆ ಕೇಳಿದಳು, "ಎರಡು ಸಲ ಫೇಲಾದಾಗ ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಬಿಟ್ಟುಬಿಡು ಅಂತಿದ್ದೆ."

ದೆಲ್ಫೀನಾ ಕಿಟಕಿಯಾಚೆ ನೋಡಿದಳು. "ಅಂತಿದ್ದೆ" ಎಂದು ಒಪ್ಪಿಕೊಂಡಳು.

ಯೂನಿವರ್ಸಿಟಿ ಮುಟ್ಟಿದಾಗ ಮೂರು ನಲವತ್ತು. ಅಲ್ಲಿ ಅಂದು ವರ್ಗವಾಗಿ ಬಂದವರ ಸ್ವಾಗತ. ಹಳದಿ ಅಂಗಿ ತೊಟ್ಟ ಉಪಕಾರಿಗಳು ಹೆಜ್ಜೆಗೊಬ್ಬರಂತೆ ನಿಂತಿದ್ದರು. ಒಬ್ಬಳು ಅವನ ತಲೆಗೆ ಟೋಪಿ ಹಾಕಿದಳು. ಇನ್ನೊಬ್ಬ ಅವನ ಎದೆಗೆ ಹೆಸರಿನ ಚೀಟಿ ಅಂಟಿಸಿದ. ಮತ್ತೊಬ್ಬಳು, "ನಿಮ್ಮ ಭಯಗಳನ್ನ ಈ ಬಲೂನಿನ ಮೇಲೆ ಬರೆದು ಹಾರಿಬಿಡಿ" ಎಂದು ಬಲೂನು ಚಾಚಿದಳು.

"ಕಿಟಕಿ ಎಲ್ಲಿ? ಪ್ರವೇಶದ ಕಿಟಕಿ!"

"ಮೊದಲು ಭಯ ಬರೀರಿ, ಆಮೇಲೆ..."

"ಕಿಟಕಿ ಮುಚ್ಚೋದೇ ನನ್ನ ಭಯ!" ಎಂದು ಅವನು ಕಿರುಚಿದ. ಅವಳು ಅದನ್ನೇ ಬಲೂನಿನ ಮೇಲೆ ಚೆಂದವಾಗಿ ಬರೆದು ಹಾರಿಸಿದಳು. ದೆಲ್ಫೀನಾ ಮೊಣಕೈಯಿಂದ ದಾರಿ ಬಿಡಿಸುತ್ತಾ ಮಗನನ್ನು ಎಳೆದುಕೊಂಡು ಓಡಿದಳು.

ಮೂರು ಐವತ್ತಾರು. ಓಡೆಟ್ ಎಂಬ ಗುಮಾಸ್ತೆ ಕಿಟಕಿಯ ಹಿಂದೆ ಚೀಲ ಜೋಡಿಸಿಕೊಳ್ಳುತ್ತಿದ್ದಳು. ಅವೆಲೀನೋ ಎರಡೂ ಕೈಯಲ್ಲಿ ಲಕೋಟೆ ನೀಡಿದ. ಅವಳು ಮೊಹರನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆ, ಮೊಹರು ಒಡೆದಿಲ್ಲ" ಎಂದಳು. ಅವನಿಗೆ ಅಳು ಬಂದಂತಾಯಿತು. ಐದು ವರ್ಷ ಒತ್ತಿಟ್ಟ ಉಸಿರನ್ನು ಹೊರಗೆ ಬಿಟ್ಟ. ದೆಲ್ಫೀನಾ ಅವನ ಬೆನ್ನು ಸವರಿದಳು.

ಓಡೆಟ್ ಲಕೋಟೆ ಕತ್ತರಿಸಿ, ಹಾಳೆ ಮಗುಚಿ, ಕೊನೆಯ ಸಾಲಿಗೆ ಬೆರಳಿಟ್ಟು ನಿಂತಳು. "ನೀವು ಇನ್ನೂ ಅಲ್ಲೇ ಓದ್ತಿದೀರಲ್ಲ?"

"ಇಲ್ಲ ಮೇಡಂ. ಮೇ ತಿಂಗಳಲ್ಲೇ ಮುಗೀತು."

"ಇವತ್ತು ಬೆಳಿಗ್ಗೆ ಹನ್ನೊಂದೂವರೆಗೆ ಹೊಸ ಕೋರ್ಸಿಗೆ ಸೇರಿದೀರಿ. ಇಲ್ಲಿದೆ ನೋಡಿ, 'ನಡೆಯುತ್ತಿದೆ' ಅಂತ. ಅಲ್ಲಿ ಓದು ಬಾಕಿ ಇಟ್ಟುಕೊಂಡವರನ್ನ ನಾವು ಸೇರಿಸಿಕೊಳ್ಳೋ ಹಾಗಿಲ್ಲ."

ಅವೆಲೀನೋನ ಕಣ್ಣ ಮುಂದೆ ಗಾಜಿನ ಹಿಂದೆ ರೋಂಡಾ ಕುಟ್ಟಿದ ಕಂಪ್ಯೂಟರು ಬಂತು. ಈಗ ಓದುತ್ತಿರುವವರಿಗೆ ಮಾತ್ರ ಅಂಕಪಟ್ಟಿ ಇವತ್ತೇ ಸಿಗುತ್ತದೆ. ಆದ್ದರಿಂದ ಅವನನ್ನು ಓದುತ್ತಿರುವವನನ್ನಾಗಿ ಮಾಡಿಬಿಟ್ಟಿದ್ದಳು, ಪುಣ್ಯಾತ್ಗಿತ್ತಿ.

"ಅದನ್ನ ತೆಗೆಸಿಬಿಡ್ತೀನಿ ಮೇಡಂ."

"ತೆಗೆಸಿ. ತೆಗೆಸಿದ ಮೇಲೆ ಹೊಸ ಅಂಕಪಟ್ಟಿ ತನ್ನಿ, ಮೊಹರು ಹಾಕಿಸಿ. ನಾಲ್ಕು ಗಂಟೆಯೊಳಗೆ." ಗಡಿಯಾರ ಮೂರು ಐವತ್ತೊಂಬತ್ತು ತೋರಿಸಿತು. ಓಡೆಟ್‌ಗೂ ಕನಿಕರವಾಗಿರಬೇಕು, ದನಿ ತಗ್ಗಿಸಿದಳು. "ನನ್ನ ಕೇಳಿದ್ರೆ ತೆಗೆಸಬೇಡಿ. ಸೇರಿ ಬಿಟ್ಟಿದ್ದು ಅಂತ ಪಟ್ಟಿಯಲ್ಲಿ ಕಪ್ಪು ಗುರುತು ಉಳಿಯತ್ತೆ. ಹದಿನಾರು ವಾರ, ಪಾಸು ಮಾಡ್ಕೊಂಡು ಮುಂದಿನ ವರ್ಷ ಬನ್ನಿ."

"ಯಾವ ಕೋರ್ಸು ಅದು?" ಎಂದು ದೆಲ್ಫೀನಾ ಕೇಳಿದಳು.

ಓಡೆಟ್ ಓದಿದಳು, "ಯೂನಿವರ್ಸಿಟಿಗೆ ಯಶಸ್ವಿಯಾಗಿ ವರ್ಗವಾಗುವುದು ಹೇಗೆ." ಆಮೇಲೆ ಕಿಟಕಿಯ ಪರದೆ ಎಳೆದಳು.

ಮೆಟ್ಟಿಲ ಮೇಲೆ ಅವನು ತಲೆಯ ಟೋಪಿ ತೆಗೆಯುವುದನ್ನೂ ಮರೆತು ಕೂತ. ನಿಜವಾಗಿ ಅತ್ತ. ದೆಲ್ಫೀನಾ ಪಕ್ಕದಲ್ಲಿ ಕೂತಳು, ಬಿಟ್ಟುಬಿಡು ಎಂದು ಈ ಸಲ ಹೇಳಲಿಲ್ಲ. ಆಗ ಅವನ ಫೋನು ಮೊಳಗಿತು. ರೋಂಡಾ. ಅವಳ ದನಿ ಕುಣಿಯುತ್ತಿತ್ತು.

"ಲೀನೋ, ನಿನ್ನ ಮಾತು ಎಂಥಾ ಕೆಲಸ ಮಾಡ್ತು ಗೊತ್ತಾ? ಆರು ವರ್ಷದಿಂದ ನನ್ನ ಈ ವರ್ಗವಾಗೋ ಕೋರ್ಸಿಗೆ ನಾಲ್ಕು ಜನ ಸೇರಿದ್ದಿಲ್ಲ. ಇವತ್ತು ಒಂದೇ ದಿನ ನಲವತ್ತು ಜನ! ಎಲ್ಲರೂ ಆ ಲಕೋಟೆಯವರು ಬರ್ತಾರಾ ಬರ್ತಾರಾ ಅಂತ ಪೀಡಿಸ್ತಿದಾರೆ. ಅವನು ಗೆದ್ದು ಆಚೆ ದಡ ಸೇರಿದಾನೆ, ಇನ್ನು ಇಲ್ಲಿಗೆ ಯಾಕೆ ಬರ್ತಾನೆ ಅಂದೆ. ಕಿಟಕಿಯಲ್ಲಿ ತಗೊಂಡ್ರು ತಾನೇ?"

ಅವೆಲೀನೋ ಮೂಗು ಒರೆಸಿಕೊಂಡ. ಅಮ್ಮನ ಕಡೆ ಒಮ್ಮೆ ನೋಡಿದ.

"ಮೇಡಂ," ಎಂದ, "ಮೊದಲನೇ ತರಗತಿ ಯಾವತ್ತು? ಎಷ್ಟು ಗಂಟೆಗೆ?"